ವಿಲನ್ ಸೋತಳು, ಅವಳ ಮಾತಿಗೆ ಉತ್ತರ ಎಲ್ಲಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಸಿನಿಮಾ ಪುರವಣಿಯಲ್ಲಿ ಬೀದರ್‌ನ ಓದುಗರೊಬ್ಬರು ಬರೆದ ಪತ್ರ ಓದಿದೆ. ‘ಇನ್‌ಕ್ರೆಡಿಬಲ್ಸ್ 2’ ಎಂಬ ಆ್ಯನಿಮೇಷನ್ ಚಿತ್ರದ ಕಥೆಯಲ್ಲಿ ಬರೀ ತೂತುಗಳಿವೆ, ಅದರ ವಿಲನ್ ಯಾಕೆ ಹಾಗೆ ಮಾಡುತ್ತಾಳೆ ಅನ್ನುವುದಕ್ಕೆ ತಲೆಬುಡವಿಲ್ಲ, ಮಕ್ಕಳ ಸಿನಿಮಾ ಅಂತ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂದು ಅವರು ಬರೆದಿದ್ದಾರೆ. ಅವರ ಕೊನೆಯ ಮಾತು ನೂರಕ್ಕೆ ನೂರು ನಿಜ. ಉಳಿದ ಎರಡನ್ನು ನಾನು ಒಪ್ಪುವುದಿಲ್ಲ. ಅವರು ತೋರಿಸಿದ ತೂತುಗಳಲ್ಲಿ ಅರ್ಧಕ್ಕರ್ಧ ತೂತೇ ಅಲ್ಲ. ನಿಜವಾಗಿ ಕಥೆ ಎಲ್ಲಿ ಹರಿದಿದೆಯೋ ಆ ಜಾಗವನ್ನು ಅವರು ಮುಟ್ಟಿಯೂ ಇಲ್ಲ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಮ್ಮ ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ. ಬೇಸಿಗೆ ರಜೆಯಲ್ಲಿ ಹನ್ನೊಂದು ಗಂಟೆ ಆದರೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಆಳಂದದಿಂದ ಬಂದ ನನ್ನ ಅಣ್ಣನ ಮಕ್ಕಳು ಕೂಲರ್ ಮುಂದೆ ಕೂತು ಈ ಸಿನಿಮಾವನ್ನು ಹಿಂದಿಯಲ್ಲಿ ಹಾಕಿಕೊಂಡಿದ್ದರು. ಹಿಂದಿಯಲ್ಲಿ ಇಲಾಸ್ಟಿಗರ್ಲ್ ಅನ್ನುವ ಸೂಪರ್ ಹೀರೋ ತಾಯಿಯ ಪಾತ್ರಕ್ಕೆ ಕಾಜೋಲ್ ದನಿ ಕೊಟ್ಟಿದ್ದಾರೆ. ಸಿನಿಮಾ ಮುಗಿದ ಮೇಲೆ ಶುರುವಾದ ಜಗಳ ರಾತ್ರಿ ಊಟದವರೆಗೂ ನಡೆಯಿತು. ಎಂಟನೇ ಕ್ಲಾಸಿನ ಹುಡುಗಿ ಕೇಳಿದ ಪ್ರಶ್ನೆಯೇ ಬೀದರ್ ಓದುಗರ ಮೊದಲ ಪ್ರಶ್ನೆಯೂ ಆಗಿದೆ: “ಅತ್ತಿ, ಆ ವಿಲನ್ ಸುಮ್ಮ ಕುಂತಿದ್ರೂ ನಡೀತಿತ್ತಲ್ಲ? ಸೂಪರ್ ಹೀರೋಗಳ ಮ್ಯಾಲ ಮೊದ್ಲೇ ನಿಷೇಧ ಇತ್ತಲ್ಲ?”

ಸಿನಿಮಾ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಪಿಕ್ಸಾರ್‌ನವರ ಮೊದಲ ಭಾಗ ಬಂದಿದ್ದು 2004ರಲ್ಲಿ, ಎರಡನೆಯದು 2018ರಲ್ಲಿ. ನಡುವೆ 14 ವರ್ಷ ಕಳೆದಿದ್ದರೂ ಮೊದಲನೆಯದು ಮುಗಿದ ಜಾಗದಿಂದಲೇ ಎರಡನೆಯದು ಶುರುವಾಗುತ್ತದೆ. ಆ ಜಗತ್ತಿನಲ್ಲಿ ಸೂಪರ್ ಹೀರೋ ಆಗಿ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ. ವಿನ್‌ಸ್ಟನ್ ಡೆವರ್ ಮತ್ತು ಎವೆಲಿನ್ ಡೆವರ್ ಅನ್ನುವ ಅಣ್ಣ ತಂಗಿ ದೊಡ್ಡ ಕಂಪನಿಯೊಂದರ ಒಡೆಯರು. ಅಣ್ಣನಿಗೆ ಈ ನಿಷೇಧ ತೆಗೆಸಬೇಕು ಅಂತ ಆಸೆ. ತಂಗಿ ಎದುರಿಗೆ ಅವನ ಜೊತೆ ನಿಂತು, ಹಿಂದಿನಿಂದ ‘ಸ್ಕ್ರೀನ್‌ಸ್ಲೇವರ್’ ಅನ್ನುವ ಹೆಸರಿನಲ್ಲಿ ಟಿವಿ ಪರದೆಗಳ ಮೂಲಕ ಜನರಿಗೆ ಮಂಕು ಹಿಡಿಸುತ್ತಾಳೆ. ಕೊನೆಗೆ ದೇಶದೇಶದ ಪ್ರತಿನಿಧಿಗಳು ಹಡಗಿನಲ್ಲಿ ಸೇರಿ ಸೂಪರ್ ಹೀರೋಗಳ ಪರವಾಗಿ ಒಪ್ಪಂದಕ್ಕೆ ಸಹಿ ಹಾಕುವ ಹೊತ್ತಿಗೆ, ಆ ಹೀರೋಗಳಿಗೇ ಮಂಕು ಹಿಡಿಸಿ, ಟಿವಿ ಮುಂದೆ ಕೆಟ್ಟ ಮಾತು ಆಡಿಸಿ, ಹಡಗನ್ನು ಊರಿಗೆ ಗುದ್ದಿಸಲು ಹೊರಡುತ್ತಾಳೆ.

ಸುಮ್ಮನೆ ಕೂತಿದ್ದರೆ ಆಗುತ್ತಿರಲಿಲ್ವಾ? ಆಗುತ್ತಿರಲಿಲ್ಲ. ಅಣ್ಣನ ಹತ್ತಿರ ದುಡ್ಡಿದೆ, ಹಟ ಇದೆ, ಜನರನ್ನು ಒಲಿಸುವ ಮಾತಿದೆ. ಇವತ್ತಲ್ಲ ನಾಳೆ ಅವನು ನಿಷೇಧ ತೆಗೆಸಿಯೇ ತೀರುತ್ತಾನೆ ಅನ್ನುವುದು ಅವಳಿಗೆ ಗೊತ್ತು. ಹಾಗಾಗಿ ಅವಳಿಗೆ ಬೇಕಾದದ್ದು ಈಗಿರುವ ನಿಷೇಧ ಅಲ್ಲ, ಮತ್ತೆ ಯಾವತ್ತೂ ಯಾರೂ ತೆಗೆಯದಂಥ ನಿಷೇಧ. ಅದಕ್ಕಾಗಿಯೇ ಮೊದಲು ಇಲಾಸ್ಟಿಗರ್ಲ್ ಹತೋಟಿ ತಪ್ಪಿ ಓಡುವ ರೈಲು ನಿಲ್ಲಿಸಿ ಹೆಸರು ಮಾಡಲಿ, ಜನ ಅವಳನ್ನು ತಲೆ ಮೇಲೆ ಹೊತ್ತು ಕುಣಿಯಲಿ, ಆಮೇಲೆ ಎಲ್ಲರ ಕಣ್ಣೆದುರು ಬೀಳಿಸೋಣ ಅಂತ ಕಾಯುತ್ತಾಳೆ. ಹೀಗೆ ನಂಬಿಕೆ ಬೆಳೆಸಿ ಮುರಿದರೆ ಜನ ಎರಡನೇ ಸಲ ನಂಬುವುದಿಲ್ಲ. ಇದರಲ್ಲಿ ಲಾಜಿಕ್ ಇಲ್ಲ ಅನ್ನುವುದು ಸರಿಯಲ್ಲ. ಚಿತ್ರ ಇದನ್ನು ಅರಳು ಹುರಿದ ಹಾಗೆ ಬೇಗ ಬೇಗ ಹೇಳಿ ಮುಗಿಸುತ್ತದೆ ಅನ್ನಬಹುದು, ಅಷ್ಟೇ.

ಎರಡನೆಯ ತೂತು ಅಂತ ಅವರು ತೋರಿಸಿದ್ದು ಕ್ಯಾಮೆರಾ ವಿಷಯ. ಆ ದೃಶ್ಯ ನನಗೆ ಬಹಳ ಇಷ್ಟ. ಎವೆಲಿನ್ ಮುಖವಾಡ ಹಾಕಿಸಿ ಮುಂದೆ ಬಿಟ್ಟ ಹುಡುಗನೊಬ್ಬ ಸಿಕ್ಕಿಬಿದ್ದಿದ್ದಾನೆ, ಅವನೇ ಸ್ಕ್ರೀನ್‌ಸ್ಲೇವರ್ ಅಂತ ಎಲ್ಲರೂ ಪಾರ್ಟಿ ಮಾಡುತ್ತಿದ್ದಾರೆ. ಇಲಾಸ್ಟಿಗರ್ಲ್‌ಗೆ ಮಾತ್ರ ಸಮಾಧಾನ ಇಲ್ಲ, ಇಷ್ಟು ಸುಲಭಕ್ಕೆ ಹೇಗೆ ಸಿಕ್ಕ ಅಂತ. ಎವೆಲಿನ್ ಜೊತೆ ಕೂತು ತನ್ನ ಡ್ರೆಸ್ಸಿನ ಕ್ಯಾಮೆರಾ ತೆಗೆದ ವಿಡಿಯೊ ಮತ್ತೆ ನೋಡುತ್ತಾಳೆ. ಕಳ್ಳನ ಕೋಣೆಯ ಗೋಡೆ ತುಂಬ ಟಿವಿಗಳು. ಅವುಗಳಲ್ಲಿ ಒಂದರಲ್ಲಿ ಅವಳದೇ ಕ್ಯಾಮೆರಾದ ದೃಶ್ಯ ಓಡುತ್ತಿದೆ! ಆ ಕ್ಯಾಮೆರಾದ ಲೈನ್ ಹೊರಗಿನವರಿಗೆ ಸಿಗುವಂಥದ್ದೇ ಅಲ್ಲ. ಹಾಗಾದರೆ ಒಳಗಿನವರೇ ಯಾರೋ. ಆ ಮಾತು ಬಾಯಿಂದ ಬರುತ್ತಿದ್ದಂತೆ ಪಕ್ಕದಲ್ಲೇ ಇದ್ದ ಗೆಳತಿ ಎವೆಲಿನ್ ಮಂಕು ಹಿಡಿಸುವ ಕನ್ನಡಕ ತಂದು ಕಣ್ಣಿಗೆ ಒತ್ತುತ್ತಾಳೆ. ಇಷ್ಟು ಬುದ್ಧಿವಂತೆ ಇಂಥ ಸುಳಿವು ಬಿಡುತ್ತಾಳಾ ಅಂತ ಓದುಗರು ಕೇಳಿದ್ದಾರೆ. ಬಿಡುತ್ತಾಳೆ ಅಂತಲೇ ನನಗೆ ಅನಿಸುತ್ತದೆ. ಎಲ್ಲವನ್ನೂ ತಾನೇ ನೋಡುತ್ತಾ ಇರಬೇಕು, ಎಲ್ಲವೂ ತನ್ನ ಕೈಯಲ್ಲೇ ಇರಬೇಕು ಅನ್ನುವ ಹೆಣ್ಣು ಅವಳು. ನೀವು ಬದುಕುವುದನ್ನು ಬಿಟ್ಟು ಪರದೆ ನೋಡುತ್ತಾ ಕೂತಿದ್ದೀರಿ ಅಂತ ಊರಿಗೆಲ್ಲಾ ಬೈಯುವವಳಿಗೆ ತಾನೇ ಪರದೆಯಿಂದ ಕಣ್ಣು ಕೀಳಲು ಆಗುವುದಿಲ್ಲ. ಪಾತ್ರ ತಪ್ಪು ಮಾಡಿದರೆ ಅದು ಕಥೆಯ ತೂತಲ್ಲ. ಕಥೆ ತಾನೇ ಹೇಳಿದ ಮಾತನ್ನು ತಾನೇ ಮರೆತರೆ ಅದು ತೂತು.

ಈ ವ್ಯತ್ಯಾಸ ನಮ್ಮವರಿಗೆ ಹೊಸದಲ್ಲ. ರನ್ನನ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿದ್ದಾನೆ. ನೀರೊಳಗೇ ಇದ್ದಿದ್ದರೆ ಆ ಹೊತ್ತಿಗೆ ಜೀವ ಉಳಿಯುತ್ತಿತ್ತು. ಭೀಮನ ಅಬ್ಬರ ಕೇಳಿ ನೀರಿನಲ್ಲೇ ಬೆವರಿ, ತಡೆಯಲಾರದೆ ಎದ್ದು ಬರುತ್ತಾನೆ. ‘ಯಾಕೆ ಎದ್ದು ಬಂದ, ಲಾಜಿಕ್ ಇಲ್ಲ’ ಅಂತ ಸಾವಿರ ವರ್ಷದಿಂದ ಯಾರೂ ಕೇಳಿಲ್ಲ. ಛಲದವನು ಬಂದೇ ಬರುತ್ತಾನೆ ಅಂತ ನಮಗೆಲ್ಲ ಗೊತ್ತು. ಅವನನ್ನು ಬರೀ ಕೆಟ್ಟವನು ಅಂತ ನೋಡದೆ, ಅವನ ಸಂಕಟವನ್ನೂ ಕಂಡು ಓದಿದ ಜನ ನಾವು. ಕಾರ್ಟೂನ್ ಅಂದ ಕೂಡಲೇ ಆ ಓದನ್ನು ಯಾಕೆ ಮರೆಯಬೇಕು?

ನಿಜವಾದ ತೂತು ಬೇಕಾ? ಜ್ಯಾಕ್-ಜ್ಯಾಕ್ ಕೂಸನ್ನು ನೋಡಿ. ಮೊದಲ ಭಾಗದ ಕೊನೆಯಲ್ಲಿ ತಾಯಿ ಹೆಲೆನ್, ಅಂದರೆ ಇಲಾಸ್ಟಿಗರ್ಲ್, ಮನೆಗೆ ಬರುವಾಗ ದಾರಿಯಲ್ಲೇ ಫೋನ್ ಸಂದೇಶಗಳನ್ನು ಕೇಳುತ್ತಾಳೆ. ಮಗು ನೋಡಿಕೊಳ್ಳುವ ಹುಡುಗಿ ಅದರಲ್ಲಿ ಹೆದರಿ ಕಂಗಾಲಾಗಿದ್ದಾಳೆ. ಮನೆಗೆ ಬಂದರೆ ವಿಲನ್ ಸಿಂಡ್ರೋಮ್ ಮಗುವನ್ನು ಎತ್ತಿಕೊಂಡು ಆಕಾಶಕ್ಕೆ ಹಾರುತ್ತಾನೆ, ಅಲ್ಲಿ ಆ ಕೂಸು ಬೆಂಕಿಯಾಗಿ, ಕಬ್ಬಿಣವಾಗಿ, ಭೂತವಾಗಿ ಅವನನ್ನು ಹಣ್ಣು ಮಾಡುತ್ತದೆ. ಅದಾಗಿ ಮೂರು ತಿಂಗಳು ಕಳೆದ ಮೇಲಿನ ದೃಶ್ಯದಲ್ಲಿ ಮೊದಲ ಭಾಗ ಮುಗಿಯುತ್ತದೆ, ಅಲ್ಲಿಂದಲೇ ಎರಡನೇ ಭಾಗ ಶುರು. ಆದರೂ ಅಪ್ಪ ಅಮ್ಮ ಇಬ್ಬರಿಗೂ ಮಗುವಿಗೆ ಶಕ್ತಿ ಇದೆ ಅನ್ನುವ ಸುಳಿವೇ ಇಲ್ಲ! ಯಾವ ತಾಯಿ ಅಂಥ ಫೋನ್ ಕೇಳಿ ಮೂರು ತಿಂಗಳು ಸುಮ್ನೆ ಇರುತ್ತಾಳೆ? ಇನ್ನೊಂದು, ಶುರುವಿನಲ್ಲೇ ಬ್ಯಾಂಕ್ ದೋಚಿದ ಅಂಡರ್‌ಮೈನರ್. ಅವನು ದುಡ್ಡಿನ ಸಮೇತ ಪರಾರಿ. ಆಮೇಲೆ ಅವನನ್ನು ಹುಡುಕುವವರೇ ಇಲ್ಲ.

ಇವು ಸಣ್ಣವು, ಬಿಡಿ. ನನ್ನ ತಕರಾರು ಇರುವುದು ಎವೆಲಿನ್‌ಳ ವಿಷಯದಲ್ಲಿ.

ಅವಳ ಅಪ್ಪ ಸೂಪರ್ ಹೀರೋಗಳ ದೊಡ್ಡ ಅಭಿಮಾನಿ. ಇಬ್ಬರು ಹೀರೋಗಳಿಗೆ ನೇರ ಫೋನ್ ಲೈನ್ ಇಟ್ಟುಕೊಂಡಿದ್ದ ಮನುಷ್ಯ. ಒಂದು ರಾತ್ರಿ ಮನೆಗೆ ಕಳ್ಳರು ನುಗ್ಗುತ್ತಾರೆ. ಬಾಗಿಲು ಹಾಕಿಕೊಂಡು ಅಡಗಲು ಭದ್ರವಾದ ಕೋಣೆ ಮನೆಯಲ್ಲೇ ಇದೆ. ಅಲ್ಲಿಗೆ ಹೋಗದೆ ಆತ ಫೋನ್ ಹಿಡಿದು ನಿಲ್ಲುತ್ತಾನೆ. ಆ ಕಡೆ ಎತ್ತುವವರಿಲ್ಲ, ಯಾಕೆಂದರೆ ನಿಷೇಧ ಬಂದು ಹೀರೋಗಳೆಲ್ಲ ತಲೆಮರೆಸಿಕೊಂಡಿದ್ದಾರೆ. ಕಳ್ಳರ ಗುಂಡಿಗೆ ಅಪ್ಪ ಸಾಯುತ್ತಾನೆ. ಕೆಲವೇ ತಿಂಗಳಲ್ಲಿ ಅದೇ ಕೊರಗಿನಲ್ಲಿ ಅಮ್ಮನೂ ಹೋಗುತ್ತಾಳೆ. ನಿಷೇಧ ಇಲ್ಲದಿದ್ದರೆ ಅಪ್ಪ ಉಳಿಯುತ್ತಿದ್ದ ಅಂತ ಅಣ್ಣ ಹೇಳುತ್ತಾನೆ. ಯಾರೋ ಬಂದು ಕಾಪಾಡುತ್ತಾರೆ ಅಂತ ಕಾಯದೆ ಅಮ್ಮನನ್ನು ಕರೆದುಕೊಂಡು ಆ ಕೋಣೆಗೆ ಹೋಗಿದ್ದರೆ ಉಳಿಯುತ್ತಿದ್ದ ಅಂತ ತಂಗಿ. ಒಂದೇ ಮನೆ, ಒಂದೇ ಸಾವು, ಎರಡು ತೀರ್ಮಾನ. ಇಬ್ಬರದೂ ಸುಳ್ಳಲ್ಲ. ಇದಕ್ಕೆ ತಲೆಬುಡವಿಲ್ಲ ಅಂತ ಹೇಗೆ ಬರೆದರೋ ನನಗೆ ತಿಳಿಯಲಿಲ್ಲ. ಮೊದಲ ಭಾಗದ ಸಿಂಡ್ರೋಮ್ ಚಿಕ್ಕವನಿದ್ದಾಗ ಹೀರೋ ತನ್ನನ್ನು ಜೊತೆಗೆ ಸೇರಿಸಿಕೊಳ್ಳಲಿಲ್ಲ ಅಂತ ಮುನಿದು, ಹೀರೋಗಳನ್ನು ಒಬ್ಬೊಬ್ಬರಾಗಿ ಕೊಲ್ಲಿಸಿದವನು. ಅವನ ಕಥೆ ಜಾಸ್ತಿ ಬಿಗಿಯಾಗಿದೆ ನಿಜ, ಅವನೇ ಮಾಡಿದ ಕಲಿಯುವ ರೋಬೊಟ್ ಅವನ ಮೇಲೇ ತಿರುಗಿ ಬೀಳುತ್ತದೆ. ಆದರೆ ನೋವಿನ ತೂಕ ನೋಡಿದರೆ ಎವೆಲಿನ್‌ಳದೇ ದೊಡ್ಡದು.

ಅವಳ ಬಗ್ಗೆ ಕನಿಕರ ಇದೆ ಅಂತ ಅವಳು ಮಾಡಿದ್ದು ಸರಿ ಅನ್ನುತ್ತಿಲ್ಲ. ಪಿಜ್ಜಾ ತಂದುಕೊಡುವ ಹುಡುಗನೊಬ್ಬನಿಗೆ ಮುಖವಾಡ ಹಾಕಿಸಿ, ಮಂಕು ಹಿಡಿಸಿ, ಇವನೇ ಸ್ಕ್ರೀನ್‌ಸ್ಲೇವರ್ ಅಂತ ಜೈಲಿಗೆ ಕಳಿಸುತ್ತಾಳೆ. ಏನೂ ಅರಿಯದವನನ್ನು ಒಳಗೆ ಹಾಕಿಸಿದೆಯಲ್ಲ, ನಿನಗೆ ಏನೂ ಅನಿಸಲ್ವಾ ಅಂತ ಇಲಾಸ್ಟಿಗರ್ಲ್ ಕೇಳಿದರೆ, ಅವನು ಸಿಡುಕ ಅನ್ನುತ್ತಾಳೆ. ಜನ ತಮ್ಮ ಕಾಲ ಮೇಲೆ ತಾವು ನಿಲ್ಲಲಿ ಅನ್ನುವವಳು ಮಾಡಿದ ಕೆಲಸ ಒಬ್ಬ ಬಡ ಕೆಲಸಗಾರನ ಬುದ್ಧಿ, ಕೈಕಾಲು, ಹೆಸರು ಮೂರನ್ನೂ ಕಿತ್ತುಕೊಂಡದ್ದು. ಅವಳ ವಾದ ಒಡೆಯುವುದು ಇಲ್ಲೇ. ಬರೆದವರ ಕೈಗೆ ಇಷ್ಟು ಒಳ್ಳೆಯ ಎಳೆ ಸಿಕ್ಕಿತ್ತು. ಒಂದೇ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಆ ಹುಡುಗ ಆಮೇಲೆ ಏನಾದ ಅನ್ನುವುದನ್ನು ತೋರಿಸುವುದೇ ಇಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೆ.

ಇನ್ನೊಂದನ್ನು ಗಮನಿಸಿ. ಅಂಡರ್‌ಮೈನರ್ ದರೋಡೆ ಆದ ಮೇಲೆ ಅಧಿಕಾರಿಗಳು ಇನ್‌ಕ್ರೆಡಿಬಲ್ ಕುಟುಂಬವನ್ನು ಕೂರಿಸಿ ಬೈಯುತ್ತಾರೆ. ಬ್ಯಾಂಕಿಗೆ ವಿಮೆ ಇತ್ತು, ನೀವು ಕೈ ಹಾಕದಿದ್ದರೆ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು ಅಂತ. ನಿಷೇಧ ಬಂದದ್ದೂ ಇಂಥ ಕಾರಣಕ್ಕೇ. ಕಟ್ಟಡದಿಂದ ಹಾರಿದವನನ್ನು ಉಳಿಸಿದರೆ ಆತನೇ ಕೇಸ್ ಹಾಕಿದ, ಹಿಂದೆಯೇ ರೈಲಿನ ಪ್ರಯಾಣಿಕರೂ ಹಾಕಿದರು. ಅಂದರೆ ಸರಕಾರದ ಚಿಂತೆ ನಷ್ಟದ ಲೆಕ್ಕ, ಎವೆಲಿನ್‌ಳ ಚಿಂತೆ ಜನ ಕೈಕಟ್ಟಿ ಕೂರುತ್ತಾರಲ್ಲ ಅನ್ನುವುದು. ಎರಡೂ ಬೇರೆ ಬೇರೆ. ಚಿತ್ರ ಇವೆರಡನ್ನೂ ಎದುರುಬದುರು ತಂದು ಕೂರಿಸಿಯೇ ಇಲ್ಲ. ಕೊನೆಯಲ್ಲಿ ಹಡಗು ನಿಂತ ಕೂಡಲೇ ನ್ಯಾಯಾಧೀಶರು ನಿಷೇಧ ತೆಗೆಯುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ನಷ್ಟದ ಲೆಕ್ಕ ಏನಾಯಿತು? ಜನ ನೋಡುತ್ತಾ ನಿಲ್ಲುವವರೇ ಆಗಿಬಿಟ್ಟರು ಅಂತ ಅವಳು ಹೇಳಿದ್ದಳಲ್ಲ, ಆ ಕೊನೆಯ ದೃಶ್ಯದಲ್ಲಿ ಜನ ಮಾಡುತ್ತಿರುವುದೂ ಅದನ್ನೇ ಅಲ್ವಾ?

ವಿಮಾನದಿಂದ ಬೀಳುತ್ತಿದ್ದ ಎವೆಲಿನ್‌ಳನ್ನು ಇಲಾಸ್ಟಿಗರ್ಲ್ ಹಿಡಿದು ಉಳಿಸುತ್ತಾಳೆ. ನೀನು ಕಾಪಾಡಿದೆ ಅಂದಮಾತ್ರಕ್ಕೆ ನೀನು ಹೇಳುವುದು ಸರಿ ಅಂತ ಆಗುವುದಿಲ್ಲ ಅನ್ನುತ್ತಾಳೆ ಅವಳು. ಆದರೆ ನೀನು ಬದುಕಿದ್ದೀಯಲ್ಲ ಅನ್ನುತ್ತಾಳೆ ಇವಳು. ಥಿಯೇಟರ್‌ನಲ್ಲಿ ಶಿಳ್ಳೆ ಬೀಳುವ ಮಾತು ನಿಜ. ಅವಳ ಮಾತಿಗೆ ಉತ್ತರ ಮಾತ್ರ ಅಲ್ಲ. ಅಪ್ಪ ಆ ರಾತ್ರಿ ಫೋನ್ ಹಿಡಿದು ನಿಲ್ಲಬಾರದಿತ್ತು ಅನ್ನುವುದು ಹಾಗೇ ಉಳಿಯುತ್ತದೆ.

ಬೇಜಾರಿನ ವಿಷಯ ಏನೆಂದರೆ ಉತ್ತರ ಚಿತ್ರದೊಳಗೇ ಇದೆ. ಎವೆಲಿನ್ ಅಣ್ಣನನ್ನೂ ಎಳೆದುಕೊಂಡು ವಿಮಾನ ಹತ್ತುತ್ತಾಳೆ. ಅವನಿಗೆ ಎಚ್ಚರ ಬರುತ್ತದೆ, ತಂಗಿಯ ಕೆಲಸ ಅರ್ಥ ಆಗುತ್ತದೆ. ಅವನಿಗೆ ಯಾವ ಶಕ್ತಿಯೂ ಇಲ್ಲ, ಹಾರಲು ಬರುವುದಿಲ್ಲ, ಗೋಡೆ ಒಡೆಯಲು ಬರುವುದಿಲ್ಲ, ಕೋಟು ಹಾಕಿಕೊಂಡ ವ್ಯಾಪಾರಿ ಅಷ್ಟೇ. ಆದರೂ ಸೇಫಾಗಿ ಪಾರಾಗಬಹುದಾದ ವಿಮಾನವನ್ನು ಬಿಟ್ಟು ಗುದ್ದಲಿರುವ ಹಡಗಿಗೆ ವಾಪಸ್ ಹೋಗುತ್ತಾನೆ. ಫೋನ್ ಹಿಡಿದು ಕಾದ ಅಪ್ಪನ ಮಗ ಈ ಸಲ ಯಾರಿಗೂ ಕಾಯಲಿಲ್ಲ! ತಂಗಿ ಇಡೀ ಸಿನಿಮಾ ಕೇಳಿದ್ದು ಇದನ್ನೇ. ಆ ಕ್ಷಣದಲ್ಲಿ ಅಣ್ಣ ತಂಗಿ ನಡುವೆ ಎರಡು ನಿಮಿಷದ ಮಾತು ಇಟ್ಟಿದ್ದರೆ, ಹಡಗಿನ ಮೇಲೆ ಅವನ ಜೊತೆ ನಾಲ್ಕು ಜನ ಮಾಮೂಲಿ ಮನುಷ್ಯರೂ ಹಗ್ಗಕ್ಕೆ ಕೈ ಹಾಕಿದ್ದರೆ, ಎವೆಲಿನ್ ಸೋಲುವುದರ ಜೊತೆಗೆ ಅವಳಿಗೆ ಉತ್ತರವೂ ಸಿಗುತ್ತಿತ್ತು. ಕೆಲವು ಸೆಕೆಂಡಿನಲ್ಲಿ ಮುಗಿಸಿ, ಮತ್ತೆ ಹೊಡೆದಾಟಕ್ಕೆ ಓಡಿಬಿಟ್ಟರು.

ಮೂರನೇ ಭಾಗ ಮಾಡುತ್ತೇವೆ ಅಂತ 2024ರಲ್ಲಿ ಘೋಷಣೆ ಆಗಿದೆ. ಎವೆಲಿನ್ ಜೈಲಿನಲ್ಲಿ ಬದುಕಿದ್ದಾಳೆ, ಪಿಜ್ಜಾ ಹುಡುಗ ಎಲ್ಲೋ ಇದ್ದಾನೆ, ಅಂಡರ್‌ಮೈನರ್ ನೆಲದೊಳಗೆ ಇದ್ದಾನೆ. ಹೊಸ ವಿಲನ್ ಹುಡುಕುವ ಮೊದಲು ಇವರ ಬಾಕಿ ತೀರಿಸಲಿ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಪುರವಣಿಯಲ್ಲಿ ಆ್ಯನಿಮೇಷನ್ ಚಿತ್ರ ಬಂದರೆ ‘ಮಕ್ಕಳಿಗೆ ರಜೆಯ ಮಜಾ’ ಅಂತ ನಾಲ್ಕು ಸಾಲು ಬರುತ್ತದೆ, ಅಷ್ಟೇ. ಬೇರೆ ಸಿನಿಮಾಗೆ ಕೊಡುವ ಅರ್ಧ ಪುಟ ಇದಕ್ಕೂ ಕೊಡಿ. ಮಕ್ಕಳಿಂದಲೇ ಬರೆಸಿ ಬೇಕಾದರೆ, ನಮ್ಮ ಮನೆಯ ಹುಡುಗಿ ಬರೆಯಲು ತಯಾರಿದ್ದಾಳೆ. ಬೀದರ್ ಓದುಗರಿಗೂ ಒಂದು ಮಾತು: ನೀವು ವಿಲನ್‌ಳನ್ನು ಬೈದದ್ದು ಓದಿ ಸಿಟ್ಟು ಬಂದರೂ, ನೀವು ಬರೆಯದಿದ್ದರೆ ಇಷ್ಟು ಮಾತಾಡಲು ನಮಗೆ ಅವಕಾಶ ಸಿಗುತ್ತಿರಲಿಲ್ಲ. ಜ್ಯಾಕ್-ಜ್ಯಾಕ್ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನು, ತಿಳಿಸಿ.

ಇಂತಿ,
ನಿಮ್ಮ ಕಾಯಂ ಓದುಗಳು,
ಬ್ರಹ್ಮಪುರ, ಕಲಬುರಗಿ