ಗ್ರೀನ್‌ಕ್ಯಾಸಲ್‌ನಿಂದ ಅಪ್ಪನಿಗೊಂದು ಪತ್ರ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ಇಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರು ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡು ಕಟ್ಟಿಕೊಂಡಿರುವ ಸಂಘಗಳ ಬಗ್ಗೆ ಕೇಳಿದ್ದಿರಿ. ಸೊರಾರಿಟಿ ಎಂದು ಕರೆಯುವ ಈ ಸಂಘಗಳಲ್ಲೊಂದು ಹುಟ್ಟಿದ್ದು ನಮ್ಮ ಕಾಲೇಜಿನಲ್ಲೇ.

ನಮ್ಮ ಕಾಲೇಜಾದ ಇಂದಿನ ಡಿಪಾ ವಿಶ್ವವಿದ್ಯಾಲಯಕ್ಕೆ ಆಗ ಇಂಡಿಯಾನಾ ಆಸ್ಬರಿ ಎಂಬ ಹೆಸರಿತ್ತು. 1867ರಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿದರೂ ಗಂಡು ಸಹಪಾಠಿಗಳಲ್ಲಿ ಅನೇಕರಿಗೆ ಅದು ರುಚಿಸಿರಲಿಲ್ಲ. ಪ್ರಾಧ್ಯಾಪಕರೊಬ್ಬರ ಮಗಳಾದ ಬೆಟ್ಟಿ ಲಾಕ್ ಎಂಬಾಕೆಗೆ ಹುಡುಗರ ಸಂಘವೊಂದು ತನ್ನ ಬಿಲ್ಲೆಯನ್ನು ಧರಿಸಲು ಕೊಡುತ್ತೇವೆ, ಆದರೆ ಸದಸ್ಯತ್ವವಿಲ್ಲ ಎಂದಿತಂತೆ. ಆ ಒಣ ಗೌರವವನ್ನು ನಿರಾಕರಿಸಿದ ಆಕೆ, ಮೂವರು ಗೆಳತಿಯರನ್ನು ಕೂಡಿಕೊಂಡು 1870ರ ಜನವರಿ 27ರಂದು ಕಪ್ಪಾ ಆಲ್ಫಾ ಥೀಟಾ ಸಂಘವನ್ನು ಸ್ಥಾಪಿಸಿದಳು. ಗಾಳಿಪಟದ ಆಕಾರದ ಬಿಲ್ಲೆಯನ್ನು ಮಾಡಿಸಿ, ಆ ಮಾರ್ಚ್‌ನಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಅದನ್ನು ಧರಿಸಿ ಕಾಲೇಜಿನ ಪ್ರಾರ್ಥನಾಸಭೆಗೆ ಬಂದರು. ಒಳಗಿನ ವಿಧಿಗಳನ್ನೆಲ್ಲ ಗುಟ್ಟಾಗಿಟ್ಟವರು ಗುರುತನ್ನು ಮಾತ್ರ ಹೀಗೆ ಬಹಿರಂಗವಾಗಿ ಮೆರೆಸಿದ್ದು ನನಗೆ ಬಹಳ ಹಿಡಿಸಿತು.

ಇದಕ್ಕಿಂತ ಹಳೆಯವೂ ಇವೆ. ಜಾರ್ಜಿಯಾದ ಮೇಕನ್‌ನಲ್ಲಿ, ಹೆಂಗಸರಿಗಾಗಿಯೇ ಇದ್ದ ವೆಸ್ಲಿಯನ್ ಕಾಲೇಜಿನಲ್ಲಿ 1851ರಲ್ಲೇ ಅಡೆಲ್ಫಿಯನ್ ಎಂಬ ಸಂಘ ಹುಟ್ಟಿತ್ತು. ಅದು ಗ್ರೀಕ್ ಅಕ್ಷರಗಳ ಹೆಸರು ತಳೆದದ್ದು ಬಹುಕಾಲದ ನಂತರ. ಇಲಿನಾಯ್‌ನ ಮನ್ಮತ್ ಕಾಲೇಜಿನ ಹನ್ನೆರಡು ಹುಡುಗಿಯರು 1867ರಲ್ಲಿ ಕಟ್ಟಿದ ಸಂಘಕ್ಕೆ ಬಾಣವೇ ಲಾಂಛನ. ಮೊಂಬತ್ತಿಯ ಬೆಳಕಿನ ದೀಕ್ಷೆ, ಸಂಘದ್ದೇ ಹಾಡು, ಹೊಸಬಳಿಗೆ ಹಿರಿಯಳೊಬ್ಬಳನ್ನು ಅಕ್ಕನಾಗಿ ನೇಮಿಸುವ ಪದ್ಧತಿ ಇವೆಲ್ಲ ಇಂದಿಗೂ ಅನೇಕ ಕಡೆ ಕಾಣಸಿಗುತ್ತವೆ.

ಆದರೆ ಹೊರಗುಳಿಯಬೇಕಾದವರ ನೋವನ್ನು ಬಲ್ಲ ಈ ಸಂಘಗಳೇ ಕಪ್ಪು ಹುಡುಗಿಯರನ್ನು ದಶಕಗಳ ಕಾಲ ಹೊರಗಿಟ್ಟವು. ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯರು 1908ರಲ್ಲಿ ಆಲ್ಫಾ ಕಪ್ಪಾ ಆಲ್ಫಾವನ್ನು ಕಟ್ಟಿದರು. ಕಮಲಾ ಹ್ಯಾರಿಸ್ ಸೇರಿದ್ದು ಇದನ್ನೇ. ಅಲ್ಲೇ 1913ರ ಜನವರಿಯಲ್ಲಿ ಡೆಲ್ಟಾ ಸಿಗ್ಮಾ ಥೀಟಾವನ್ನು ಸ್ಥಾಪಿಸಿದ 22 ಮಂದಿ, ಎರಡು ತಿಂಗಳೊಳಗೇ, ಮಹಿಳೆಯರ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್ನಿನಲ್ಲಿ ಮಾರ್ಚ್ 3ರಂದು ನಡೆದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ಸಂಘವಾಗಿ ಅವರು ಮಾಡಿದ ಮೊದಲ ಸಾರ್ವಜನಿಕ ಕಾರ್ಯವೇ ಅದು.

ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು