ಹೂವು ನೋಡಲು ಕ್ಯಾಲೆಂಡರ್ ಸಾಲದು

ಮಾನ್ಯ ಸಂಪಾದಕರೇ,

ವಸಂತದ ಕಾಡುಹೂ ನೋಡಲು ಹೊರಡುವವರು ರಜೆ ನೋಡಿ ದಿನ ಗೊತ್ತು ಮಾಡುತ್ತಾರೆ. ನಾನೂ ಹಾಗೇ ಮಾಡಿ ಮೋಸಹೋದವನು. ಮೋಡ ಕವಿದ ಬೆಳಿಗ್ಗೆ ಹೋದೆ. ಬ್ಲಡ್‌ರೂಟ್ ಎಂಬ ಉತ್ತರ ಅಮೆರಿಕದ ಬಿಳಿ ಕಾಡುಹೂಗಳೆಲ್ಲ ದಳ ಮುಚ್ಚಿ, ತಮ್ಮದೇ ಎಲೆಯನ್ನು ಶಾಲಿನಂತೆ ಹೊದ್ದು ನಿಂತಿದ್ದವು. ಮುಂದಿನ ವಾರ ಒಳ್ಳೇ ಬಿಸಿಲು, ಆದರೆ ದಳಗಳೆಲ್ಲ ನೆಲದ ಮೇಲೆ! ಆ ಹೂ ಇರುವುದೇ ಕೆಲವು ದಿನ.

ಮರಗಳು ಚಿಗುರಿ ನೆರಳು ಕಟ್ಟುವ ಮೊದಲು, ನೆಲಕ್ಕೆ ಬಿಸಿಲು ಬೀಳುವಾಗಲೇ ಇವು ಅರಳಿ ಮುಗಿಸುತ್ತವೆ. ಹಾಗಾಗಿ ನಾನೀಗ ಮರದ ಮೊಗ್ಗು ನೋಡಿ ಹೊರಡುತ್ತೇನೆ. ತಡವಾದರೆ ಎತ್ತರದ ಕಾಲುದಾರಿ ಹಿಡಿಯುತ್ತೇನೆ. ಅಲ್ಲಿ ಚಳಿ ಜಾಸ್ತಿ, ಹೂವೂ ತಡ.

ಒಂದು ಬೇಸರ ಹೇಳಲೇಬೇಕು. ಕೆಸರು ತಪ್ಪಿಸಲು, ಫೋಟೊ ತೆಗೆಯಲು ಜನ ಸುಮ್ನೆ ದಾರಿ ಬಿಟ್ಟು ಇಳಿಯುತ್ತಾರೆ. ಕಳೆದ ಸಲ ಬಿಳಿ ಟ್ರಿಲಿಯಂ ಎಂಬ ಮೂರೆಲೆಯ ಕಾಡುಹೂವಿನ ಗಿಡವೊಂದರ ಮೇಲೆ ಬೂಟಿನ ಅಚ್ಚು ಕಂಡೆ. ಮೂರು ಎಲೆಯೂ ಮಣ್ಣಲ್ಲಿ ಹೂತಿದ್ದವು. ಬೀಜದಿಂದ ಮೊದಲ ಹೂ ಬರಲು ಅದಕ್ಕೆ ಸುಮಾರು 7 ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಬೂಟಿನ ಕೆಸರು ತೊಳೆದರೆ ಹೋಗುತ್ತದೆ, ಅಲ್ವಾ? ದಯವಿಟ್ಟು ಕೆಸರಿನ ನಡುವೆಯೇ ನಡೆಯಿರಿ.

ಇಂತಿ,
ನಿಮ್ಮ ಓದುಗ