ಸರ್ನ್ ಸುದ್ದಿ ‘ದೇವಕಣ’ಕ್ಕೇ ನಿಲ್ಲಬೇಕಾ?

ಸಂಪಾದಕರೇ,

ಕಣಗಳನ್ನು ಡಿಕ್ಕಿ ಹೊಡೆಸಿ ನೋಡುವ ಜಿನೀವಾದ ಸರ್ನ್ ಪ್ರಯೋಗಾಲಯ ಅಂದ ಕೂಡಲೇ ನಮ್ಮ ಪತ್ರಿಕೆಗಳಲ್ಲಿ ‘ದೇವಕಣ’ (ಹಿಗ್ಸ್ ಬೋಸಾನ್) ಬರುತ್ತದೆ, ಇಲ್ಲದಿದ್ದರೆ ಬ್ರಹ್ಮಾಂಡ ಹುಟ್ಟಿದ ಕ್ಷಣ. ಆದರೆ 2010ರಿಂದ ಅಲ್ಲಿನವರ ತಲೆ ತಿನ್ನುತ್ತಿರುವ ಇನ್ನೊಂದು ಪ್ರಶ್ನೆ ಇದೆ: ಬರೀ ಎರಡು ಪ್ರೋಟಾನ್ ಡಿಕ್ಕಿ ಹೊಡೆದರೂ ದ್ರವದ ಹನಿ ಹುಟ್ಟುತ್ತದಾ? ನನ್ನ ಮಟ್ಟಿಗೆ ಅದು ಇವೆರಡಕ್ಕಿಂತ ಸೊಗಸಾದದ್ದು.

ಚಿನ್ನ, ಸೀಸದಂಥ ಭಾರವಾದ ನ್ಯೂಕ್ಲಿಯಸ್‌ಗಳು ಡಿಕ್ಕಿ ಹೊಡೆದಾಗ ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗಿರುವ ಕ್ವಾರ್ಕ್ ಕಣಗಳು ಮತ್ತು ಅವನ್ನು ಹಿಡಿದಿಡುವ ಗ್ಲುಆನ್‌ಗಳ ದ್ರವವೊಂದು ಕ್ಷಣಮಾತ್ರ ಉಂಟಾಗುತ್ತದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದವರು ಇದನ್ನು 2005ರಲ್ಲೇ ಹೇಳಿದ್ದರು. ಪ್ರೋಟಾನ್ ಇದಕ್ಕೆಲ್ಲ ತೀರಾ ಚಿಕ್ಕದು ಅಂತಲೇ ಹೆಚ್ಚಿನವರು ಅಂದುಕೊಂಡಿದ್ದರು. ಎರಡು ಪ್ರೋಟಾನ್ ಬಡಿದುಕೊಂಡರೆ ಹುಟ್ಟುವ ಕಣಗಳು ಎರಚಿದ ಕಾಳಿನ ಹಾಗೆ ತಮ್ಮ ಪಾಡಿಗೆ ಚದುರಬೇಕು, ಅಲ್ವಾ?

ಹಾಗಾಗಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ಸರ್ನ್‌ನ ಸಿಎಂಎಸ್ ಪ್ರಯೋಗದ ತಂಡ, 7 ಟೆರಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಡಿಕ್ಕಿಗಳಲ್ಲಿ ನೂರಕ್ಕಿಂತ ಜಾಸ್ತಿ ಕಣ ಹೊರಬಿದ್ದವುಗಳನ್ನು ಮಾತ್ರ ಆರಿಸಿಕೊಂಡು, ಆ ಕಣಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ನೋಡಿತು. ಪ್ರೋಟಾನ್‌ಗಳು ಓಡುವ ಕೊಳವೆಯ ಉದ್ದಕ್ಕೆ ಒಂದು ಮುಂದೆ, ಇನ್ನೊಂದು ಹಿಂದೆ ಹಾರಿ ದೂರವಾದ ಕಣಗಳು ಕೂಡ, ಕೊಳವೆಯ ಸುತ್ತಲಿನ ಕೋನದಲ್ಲಿ ಒಂದೇ ಕಡೆ ವಾಲುವುದು ಕಂಡಿತು. ನಕ್ಷೆಯಲ್ಲಿ ಇದು ಉದ್ದನೆಯ ದಿಬ್ಬವಾಗಿ ಕಾಣುತ್ತದೆ, ವಿಜ್ಞಾನಿಗಳು ‘ರಿಡ್ಜ್’ ಅನ್ನುತ್ತಾರೆ. ಸೀಸದ ಡಿಕ್ಕಿಯಲ್ಲಿ ದ್ರವ ಒಟ್ಟಿಗೆ ಹರಿಯುವುದರಿಂದ ಹೀಗಾಗುತ್ತದೆ. ಸುಮ್ನೆ ಎರಡೆರಡು ಕಣಗಳ ಕಾಕತಾಳೀಯ ಇರಬಹುದಾ? ಮುಂದೆ ನಾಲ್ಕು, ಆರು ಕಣಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗಲೂ ನಂಟು ಉಳಿಯಿತು. ಹೆಚ್ಚು ಕಣ ಹುಟ್ಟುವ ಪ್ರೋಟಾನ್ ಡಿಕ್ಕಿಗಳಲ್ಲಿ ‘ಸ್ಟ್ರೇಂಜ್’ ಎಂಬ ಬಗೆಯ ಕ್ವಾರ್ಕ್ ಇರುವ ಕಣಗಳ ಪಾಲೂ ಏರುತ್ತದೆ ಎಂದು 2017ರಲ್ಲಿ ಸರ್ನ್‌ನದೇ ಇನ್ನೊಂದು ಪ್ರಯೋಗವಾದ ಆಲಿಸ್‌ನ ತಂಡ ತೋರಿಸಿತು. ಅದೂ ಸೀಸದ ಡಿಕ್ಕಿಯ ಲಕ್ಷಣವೇ.

ಹಾಗಾದರೆ ಪ್ರೋಟಾನ್ ಡಿಕ್ಕಿಯಲ್ಲೂ ದ್ರವದ ಹನಿ ಹುಟ್ಟುತ್ತದಾ? ಅವಸರ ಬೇಡ. ಸೀಸದ ಡಿಕ್ಕಿಯಲ್ಲಿ ವೇಗದ ಕಣಗಳು ದ್ರವವನ್ನು ಹಾಯುವಾಗ ಶಕ್ತಿ ಕಳೆದುಕೊಳ್ಳುತ್ತವೆ. ಪ್ರೋಟಾನ್ ಡಿಕ್ಕಿಯಲ್ಲಿ ಆ ಗುರುತು ಸಿಕ್ಕಿಲ್ಲ. ಡಿಕ್ಕಿಗೆ ಮೊದಲೇ ಗ್ಲುಆನ್‌ಗಳ ನಡುವೆ ಇದ್ದ ನಂಟೇ ಹೀಗೆ ಕಾಣುತ್ತಿದೆ ಎನ್ನುವವರೂ ಇದ್ದಾರೆ. ಪ್ರೋಟಾನ್, ಸೀಸ ಈ ಎರಡರ ನಡುವಿನ ಗಾತ್ರದಲ್ಲಿ ಏನಾಗುತ್ತದೆ ಎಂದು ನೋಡಲು 2025ರ ಜುಲೈನಲ್ಲಿ ಆಕ್ಸಿಜನ್ ನ್ಯೂಕ್ಲಿಯಸ್‌ಗಳನ್ನೂ ಡಿಕ್ಕಿ ಹೊಡೆಸಿದ್ದಾರೆ.

ಇದು ಬರೀ ಪರದೇಶದ ಸುದ್ದಿಯೂ ಅಲ್ಲ. ಭಾರತ 2017ರಿಂದ ಸರ್ನ್‌ನ ಸಹ ಸದಸ್ಯ ದೇಶ. ಆಲಿಸ್, ಸಿಎಂಎಸ್ ಎರಡರಲ್ಲೂ ನಮ್ಮವರಿದ್ದಾರೆ. ಆಕ್ಸಿಜನ್ ಫಲಿತಾಂಶಗಳ ಬಗ್ಗೆ ಅವರಲ್ಲೇ ಯಾರಿಂದಾದರೂ ಅರ್ಧ ಪುಟ ಬರೆಸಿ. ದ್ರವ ಅನ್ನುವವರ ವಾದ, ಅಲ್ಲ ಅನ್ನುವವರ ವಾದ ಎರಡೂ ಅದರಲ್ಲಿರಲಿ. ನಮ್ಮ ಪಿಯುಸಿ ಮಕ್ಕಳು ಖಂಡಿತ ಓದುತ್ತಾರೆ.

– ನಿಮ್ಮ ಓದುಗ, ಧಾರವಾಡ